ಪೂಲ್ ನೀರನ್ನು ನಾನೇ ನೋಡಿಕೊಳ್ಳಲು ಕಲಿತದ್ದು ಹೀಗೆ

ಮನೆ ಪೂಲ್‌ನ ನೀರನ್ನು ನಾನೇ ನೋಡಿಕೊಳ್ಳೋಣ ಅಂತ ಹೊರಟಾಗ ಮೊದಲು ಬೇಕಾದದ್ದು ಅಳತೆ ಟೇಪು. ಉದ್ದ, ಅಗಲ, ಸರಾಸರಿ ಆಳ ಮೂರನ್ನೂ ಮೀಟರ್‌ನಲ್ಲಿ ಅಳೆದು ಗುಣಿಸಿ, ಬಂದದ್ದನ್ನು ಮತ್ತೆ 1000ದಿಂದ ಗುಣಿಸಿದರೆ ಎಷ್ಟು ಲೀಟರ್ ಅಂತ ಗೊತ್ತಾಗುತ್ತದೆ. ನಮ್ಮದು ಸುಮಾರು 50,000 ಲೀಟರ್. ಇಷ್ಟು ನೀರಿನಲ್ಲಿ ಕ್ಲೋರಿನ್ 1 ಪಿಪಿಎಂ (ಲೀಟರ್‌ಗೆ 1 ಮಿಲಿಗ್ರಾಂ) ಏರಬೇಕಾದರೆ ಶೇ. 10ರ ದ್ರವ ಕ್ಲೋರಿನ್ ಅರ್ಧ ಲೀಟರ್ ಹಾಕಬೇಕು. ಆಲ್ಕಲಿನಿಟಿ (ನೀರಿನ ಆಮ್ಲೀಯತೆ ದಿಢೀರ್ ಬದಲಾಗದಂತೆ ತಡೆಯುವ ಗುಣ) 10 ಪಿಪಿಎಂ ಏರಬೇಕಾದರೆ ಅಡುಗೆ ಸೋಡಾ 840 ಗ್ರಾಂ. ನೀರೆಷ್ಟಿದೆ ಅಂತಲೇ ಗೊತ್ತಿಲ್ಲದಿದ್ದರೆ ಹಾಕಿದ್ದೆಲ್ಲ ಅಂದಾಜು, ಅಷ್ಟೇ.

ಆಮೇಲೆ ಟೆಸ್ಟ್ ಕಿಟ್. ಇದರಲ್ಲಿ ದುಡ್ಡು ಉಳಿಸಲು ಹೋಗಬೇಡಿ. ನೀರನ್ನು ಹಳದಿ ಮಾಡುವ ಅಗ್ಗದ ಕಿಟ್ ಒಟ್ಟು ಕ್ಲೋರಿನ್ ಎಷ್ಟಿದೆ ಅಂತಷ್ಟೇ ಹೇಳುತ್ತದೆ. ಅದರಲ್ಲಿ ಕೆಲಸ ಮಾಡುವ ಕ್ಲೋರಿನ್ ಎಷ್ಟು, ಬೆವರು ಮೂತ್ರದ ಜೊತೆ ಸೇರಿ ಸತ್ತುಹೋದದ್ದು ಎಷ್ಟು ಅಂತ ತಿಳಿಯುವುದಿಲ್ಲ. ನಾನು ಬಳಸುವುದು ಹನಿ ಎಣಿಸುವ ಕಿಟ್. ಮೊಣಕೈವರೆಗೆ ಕೈ ಮುಳುಗಿಸಿ ಆಳದಿಂದ ನೀರು ತೆಗೆಯುತ್ತೇನೆ. 10 ಮಿಲಿ ನೀರಿಗೆ ಚಿಟಿಕೆ ಪುಡಿ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಈಗ ಒಂದೊಂದೇ ಹನಿ ಬಿಡುತ್ತಾ ಕುಲುಕುತ್ತಾ ಹೋಗಬೇಕು. ಬಣ್ಣ ತೆಳುವಾಗುತ್ತಾ ಬಂದು, ಕೊನೆಗೆ ಒಂದೇ ಹನಿಗೆ ಪೂರ್ತಿ ಮಾಯ. ನನ್ನ ಕಿಟ್‌ನಲ್ಲಿ ಹನಿಗೆ 0.5 ಪಿಪಿಎಂ ಲೆಕ್ಕ. ಹತ್ತು ಹನಿ ಹಿಡಿದರೆ ಕೆಲಸ ಮಾಡುವ ಕ್ಲೋರಿನ್ 5 ಪಿಪಿಎಂ. ಬಣ್ಣಕ್ಕೆ ಬಣ್ಣ ಹೋಲಿಸಿ ಕಣ್ಣು ಕಿರಿದು ಮಾಡಿ ನೋಡುವ ಗೋಜೇ ಇಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ: ಸ್ಟೆಬಿಲೈಜರ್, ಅಂದರೆ ಸಯನ್ಯೂರಿಕ್ ಆಸಿಡ್. ಬಿಸಿಲಿಗೆ ತೆರೆದ ಪೂಲ್‌ನಲ್ಲಿ ಇದು ಇಲ್ಲದಿದ್ದರೆ ನಡು ಮಧ್ಯಾಹ್ನ ಒಂದು ಗಂಟೆಯೊಳಗೇ ಅರ್ಧ ಕ್ಲೋರಿನ್ ಹೋಗಿಬಿಡುತ್ತದೆ. ಆದ್ದರಿಂದ ಬೇಕೇ ಬೇಕು, 30ರಿಂದ 50 ಪಿಪಿಎಂ. ಆದರೆ ಇದು ಕ್ಲೋರಿನ್ನನ್ನು ಕಾಯುವುದರ ಜೊತೆಗೆ ಕಟ್ಟಿಯೂ ಹಾಕುತ್ತದೆ. ಸ್ಟೆಬಿಲೈಜರ್ ಏರಿದಷ್ಟೂ ಪಾಚಿ ತಡೆಯಲು ಕ್ಲೋರಿನ್ ಜಾಸ್ತಿ ಬೇಕು. ನಾನು ಸ್ಟೆಬಿಲೈಜರ್‌ನ ಶೇ. 7.5ಕ್ಕಿಂತ ಕೆಳಗೆ ಕ್ಲೋರಿನ್ ಇಳಿಯಲು ಬಿಡುವುದಿಲ್ಲ. 40 ಇದ್ದರೆ 3 ಪಿಪಿಎಂ, 100 ಇದ್ದರೆ 7.5. ಎಲ್ಲ ಪೂಲ್‌ಗೂ ಒಂದೇ ಅಂಕಿ ಅನ್ನುವವರ ಮಾತು ನಾನು ಒಪ್ಪುವುದಿಲ್ಲ.

ಇನ್ನೂ ಒಂದಿದೆ. ತೇಲುವ ಡಬ್ಬಿಯಲ್ಲಿ ಹಾಕುವ ಟ್ರೈಕ್ಲೋರ್ ಬಿಲ್ಲೆಗಳು ತುಂಬಾ ಅನುಕೂಲ, ನಿಜ. ಆದರೆ ಅವು ಕೊಡುವ ಪ್ರತಿ 10 ಪಿಪಿಎಂ ಕ್ಲೋರಿನ್ ಜೊತೆ 6 ಪಿಪಿಎಂ ಸ್ಟೆಬಿಲೈಜರ್ ಕೂಡ ನೀರಿಗೆ ಸೇರುತ್ತದೆ. ಕ್ಲೋರಿನ್ ದಿನಾ ಖರ್ಚಾಗುತ್ತದೆ, ಇದು ಸುಮ್ನೆ ಉಳಿದು ತಿಂಗಳಿಂದ ತಿಂಗಳಿಗೆ ಏರುತ್ತಾ ಹೋಗುತ್ತದೆ. ಇಳಿಸಲು ಇರುವ ನೆಚ್ಚಬಹುದಾದ ದಾರಿ ಒಂದೇ, ಒಂದಷ್ಟು ನೀರು ಹೊರಗೆ ಬಿಟ್ಟು ಹೊಸ ನೀರು ತುಂಬುವುದು. ಅದಕ್ಕೇ ನಾನು ದ್ರವ ಕ್ಲೋರಿನ್ ಕಡೆಗೆ ಬಂದೆ. ಸಂಜೆ ಬಿಸಿಲು ಇಳಿದ ಮೇಲೆ, ಪಂಪು ಓಡುತ್ತಿರುವಾಗ, ನೀರು ಒಳಗೆ ಬರುವ ಬಾಯಿಯ ಮುಂದೆ ನಿಧಾನವಾಗಿ ಸುರಿಯುತ್ತೇನೆ. ಕ್ಯಾನ್ ಕೂಡಿಡುವುದಿಲ್ಲ, ಶಾಖಕ್ಕೆ ಅದರ ಶಕ್ತಿ ಇಳಿಯುತ್ತದೆ.

ಪಿಹೆಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಅನ್ನುವ ಅಳತೆ) 7.2ರಿಂದ 7.8ರೊಳಗೆ ಇದ್ದರೆ ನಾನು ಕೈ ಹಚ್ಚುವುದಿಲ್ಲ. 7.8 ದಾಟಿದರೆ ಸ್ವಲ್ಪ ಆಸಿಡ್ ಹಾಕಿ, ನೀರು ಚೆನ್ನಾಗಿ ಬೆರೆತ ಮೇಲೆ ಮತ್ತೆ ಟೆಸ್ಟ್ ಮಾಡುತ್ತೇನೆ. ಪದೇ ಪದೇ ಏರುತ್ತಿದೆಯಾ? ಆಲ್ಕಲಿನಿಟಿ ನೋಡಿ. ಅದು ಜಾಸ್ತಿ ಇದ್ದಷ್ಟೂ ಇಂಗಾಲದ ಡೈಆಕ್ಸೈಡ್ ನೀರಿನಿಂದ ಹೊರಗೆ ಹೋಗುತ್ತಾ ಪಿಹೆಚ್ ಮೇಲಕ್ಕೆ ಎಳೆಯುತ್ತಿರುತ್ತದೆ. ನಮ್ಮಲ್ಲಿ ಅದನ್ನು 80 ಪಿಪಿಎಂ ಸುಮಾರಿಗೆ ನಿಲ್ಲಿಸಿದ ಮೇಲೆ ಆಸಿಡ್ ಖರ್ಚು ಚೆನ್ನಾಗಿ ಇಳಿಯಿತು. ಸಿಮೆಂಟ್ ಪ್ಲಾಸ್ಟರ್ ಪೂಲ್ ಆದರೆ ಕ್ಯಾಲ್ಸಿಯಂ 200ರಿಂದ 400 ಪಿಪಿಎಂ ಒಳಗೆ ಇರಬೇಕು, ಇಲ್ಲದಿದ್ದರೆ ನೀರು ಗೋಡೆಯಿಂದಲೇ ಸುಣ್ಣ ಎಳೆದುಕೊಳ್ಳುತ್ತದೆ.

ಪೂಲ್ ಹತ್ತಿರ ಹೋದರೆ ಘಾಟು ಹೊಡೆಯುತ್ತದೆ, ಕಣ್ಣು ಉರಿಯುತ್ತದೆ, ಅಂದರೆ ಕ್ಲೋರಿನ್ ಜಾಸ್ತಿಯಾಗಿದೆ ಅಂತಾರೆ ಅಲ್ವಾ? ಸಾಮಾನ್ಯವಾಗಿ ಉಲ್ಟಾ. ಆ ವಾಸನೆ ಕ್ಲೋರಮಿನ್‌ನದು, ಕೊಳೆಗೆ ಅಂಟಿಕೊಂಡ ಕ್ಲೋರಿನ್‌ನದು. ಅಂಥ ನೀರಿಗೆ ಇನ್ನಷ್ಟು ಕ್ಲೋರಿನ್ ಬೇಕು.

ನೀರು ಸ್ವಲ್ಪ ಮಂಕಾಗಿ ಕಂಡರೆ ಒಂದು ಪರೀಕ್ಷೆ ಮಾಡುತ್ತೇನೆ. ಸೂರ್ಯ ಮುಳುಗಿದ ಮೇಲೆ ಕ್ಲೋರಿನ್ ಅಳೆದು ಬರೆದಿಡುವುದು, ಬೆಳಗ್ಗೆ ಬಿಸಿಲು ಬೀಳುವ ಮೊದಲು ಮತ್ತೆ ಅಳೆಯುವುದು. ರಾತ್ರಿ ಬಿಸಿಲಿಲ್ಲ, ಈಜುವವರೂ ಇಲ್ಲ. ಆದರೂ 1 ಪಿಪಿಎಂಗಿಂತ ಜಾಸ್ತಿ ಇಳಿದಿದ್ದರೆ ಒಳಗೆ ಪಾಚಿ ಶುರುವಾಗಿದೆ ಅಂತ, ಕಣ್ಣಿಗೆ ಹಸಿರು ಕಾಣದಿದ್ದರೂ. ಆಗ ಕ್ಲೋರಿನ್ ಏರಿಸಿ, ಏಣಿಯ ಹಿಂದೆ, ಮೆಟ್ಟಿಲ ಸಂದಿಯಲ್ಲಿ ಬ್ರಶ್ ಹಾಕಿ ಉಜ್ಜಬೇಕು. ಸತ್ತ ಪಾಚಿ ಫಿಲ್ಟರ್‌ನಲ್ಲಿ ಸೇರುವುದರಿಂದ ಒತ್ತಡದ ಮುಳ್ಳಿನ ಮೇಲೆ ಕಣ್ಣಿಡಿ. ಶುದ್ಧವಾಗಿದ್ದಾಗಿನದಕ್ಕಿಂತ ಶೇ. 25 ಏರಿದರೆ ಬ್ಯಾಕ್‌ವಾಶ್ ಮಾಡಿ, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯಿರಿ.

ಸಾಮಾನು ಇಡುವ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಆಸಿಡ್ ಒಂದು ಕಡೆ, ಕ್ಲೋರಿನ್ ದೂರ ಇನ್ನೊಂದು ಕಡೆ. ಎರಡೂ ಸೇರಿದರೆ ವಿಷಗಾಳಿ ಏಳುತ್ತದೆ. ಆಸಿಡ್ಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್ಡಿಗೆ ಎಂದೂ ಸುರಿಯಬಾರದು. ಟ್ರೈಕ್ಲೋರ್ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿ ಎರಡೂ ಕ್ಲೋರಿನ್ನೇ ತಾನೇ ಅಂತ ಒಂದೇ ಚಮಚದಿಂದ ತೆಗೆಯಬೇಡಿ. ಅವು ಬೆರೆತರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ನಮ್ಮಲ್ಲಿ ಪ್ರತಿ ಡಬ್ಬಿಗೂ ಅದರದೇ ಚಮಚ ಇದೆ, ಹೆಸರು ಬರೆದು ಡಬ್ಬಿಗೇ ಕಟ್ಟಿದ್ದೇನೆ.