ಬೆಳಿಗ್ಗೆ ಮಾತ್ರ ಆನ್ ಆಗದ ಕಂಪ್ಯೂಟರ್

ಪೂರ್ತಿ ಕೆಟ್ಟುಹೋದ ಕಂಪ್ಯೂಟರನ್ನು ರಿಪೇರಿ ಮಾಡುವುದು ಸುಲಭ. ಒಮ್ಮೆ ಆನ್ ಆಗಿ, ಇನ್ನೊಮ್ಮೆ ಆಗದೆ ಸತಾಯಿಸುವಂಥದ್ದರ ದೋಷವನ್ನು ಹಿಡಿಯುವುದೇ ಕಷ್ಟ. ತೀರ್ಥಹಳ್ಳಿ ಕಡೆಯ ಡಿಟಿಪಿ ಅಂಗಡಿಯೊಂದರಿಂದ ನನ್ನ ಬಳಿಗೆ ಬಂದ ಡೆಸ್ಕ್‌ಟಾಪ್ ಅಂಥದ್ದಾಗಿತ್ತು. ಬೆಳಿಗ್ಗೆ ಪವರ್ ಬಟನ್ ಒತ್ತಿದರೆ ಫ್ಯಾನ್ ಅರೆಕ್ಷಣ ತಿರುಗಿ ನಿಲ್ಲುತ್ತಿತ್ತು, ಕೆಲವೊಮ್ಮೆ ಅದೂ ಇಲ್ಲ. ಮತ್ತೆ ಮತ್ತೆ ಒತ್ತಿ ಹೇಗೋ ಒಮ್ಮೆ ಆನ್ ಆಯಿತೆಂದರೆ ಸಂಜೆಯವರೆಗೂ ಯಾವ ತಕರಾರೂ ಇರುತ್ತಿರಲಿಲ್ಲ. ನನ್ನ ಮೇಜಿನ ಮೇಲಿಟ್ಟಾಗಲಂತೂ, ವೈದ್ಯರನ್ನು ಕಂಡೊಡನೆ ಜ್ವರ ಇಳಿದಂತೆ, ಪ್ರತಿ ಸಲವೂ ಸರಾಗವಾಗಿ ಆನ್ ಆಯಿತು.

ಇಂಥ ಸಂದರ್ಭದಲ್ಲಿ ಕ್ಯಾಬಿನೆಟ್ ಬಿಚ್ಚುವುದಕ್ಕಿಂತ ಮೊದಲು ಬಳಸುವವರನ್ನು ವಿಚಾರಿಸುವುದು ನನ್ನ ಪದ್ಧತಿ. ಸಿಡಿಲಿನ ಭಯದಿಂದ ರಾತ್ರಿ ಪ್ಲಗ್ ಕಳಚಿಡುತ್ತೇವೆ, ಆದರೆ ಮಧ್ಯಾಹ್ನ ಊಟಕ್ಕೆ ಹೋಗುವಾಗ ಪ್ಲಗ್ ತೆಗೆಯದೆ ಶಟ್‌ಡೌನ್ ಮಾಡಿ ಬಂದು ಆನ್ ಮಾಡಿದರೆ ತೊಂದರೆಯಿಲ್ಲ ಎಂದು ಅಂಗಡಿಯವರು ತಿಳಿಸಿದರು. ಅಂದರೆ ಹಲವು ಗಂಟೆ ಕರೆಂಟ್ ಇಲ್ಲದೆ ತಣ್ಣಗಾದಾಗ ಮಾತ್ರ ದೋಷ ಕಾಣಿಸಿಕೊಳ್ಳುತ್ತಿತ್ತು. ಬೆಳಿಗ್ಗೆ ದಿನಾಂಕ, ಸಮಯ ಸರಿಯಾಗಿರುತ್ತವೆಯೇ ಎಂದೂ ಕೇಳಿದೆ, ಇರುತ್ತವೆ ಎಂದರು. ಪ್ಲಗ್ ಕಳಚಿದ ಮೇಲೂ ಗಡಿಯಾರ ನಡೆಯುತ್ತಿದೆಯೆಂದರೆ, ಬಿಡಿಭಾಗಗಳೆಲ್ಲ ಜೋಡಣೆಯಾಗುವ ಮುಖ್ಯ ಫಲಕವಾದ ಮದರ್‌ಬೋರ್ಡ್‌ನ ಬಿಲ್ಲೆಯಾಕಾರದ ಮೂರು ವೋಲ್ಟ್ ಸೆಲ್ ಚೆನ್ನಾಗಿದೆ ಎಂದೇ ಅರ್ಥ, ಆದ್ದರಿಂದ ಅದನ್ನು ಮುಟ್ಟಲಿಲ್ಲ. ರ‍್ಯಾಮ್ ಮೇಲೂ ಸಂಶಯವಿರಲಿಲ್ಲ: ರ‍್ಯಾಮ್ ಸರಿಯಾಗಿ ಕೂರದಿದ್ದರೆ ಸಾಮಾನ್ಯವಾಗಿ ಫ್ಯಾನ್ ತಿರುಗುತ್ತಲೇ ಇದ್ದು ಪರದೆ ಕಪ್ಪಾಗಿರುತ್ತದೆ ಅಥವಾ ಬೀಪ್ ಸದ್ದು ಬರುತ್ತದೆ.

ರಾತ್ರಿಯಿಡೀ ಪ್ಲಗ್ ಇಲ್ಲದೆ ಇಟ್ಟು, ಬೆಳಿಗ್ಗೆ ಬಟನ್ ಬದಲು ಅದರ ತಂತಿಗಳು ಕೂರುವ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಕ್ಷಣಕಾಲ ಮುಟ್ಟಿಸಿದೆ. ಅದೇ ತೊಂದರೆ ಮರುಕಳಿಸಿದ್ದರಿಂದ ಬಟನ್ ನಿರ್ದೋಷಿ ಎಂದಾಯಿತು. ಉಳಿದಿದ್ದು ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ವೋಲ್ಟೇಜ್‌ಗಳಿಗೆ ಇಳಿಸಿ ಕೊಡುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್. ಕಂಪ್ಯೂಟರ್ ಆಫ್ ಆಗಿದ್ದರೂ ಪ್ಲಗ್‌ಗೆ ಕರೆಂಟ್ ಇರುವವರೆಗೆ ಎಸ್‌ಎಂಪಿಎಸ್ ನೇರಳೆ ತಂತಿಯಲ್ಲಿ ಐದು ವೋಲ್ಟ್ ಕೊಡುತ್ತಲೇ ಇರಬೇಕು. ಬಟನ್ ಒತ್ತಿದ್ದನ್ನು ಮದರ್‌ಬೋರ್ಡ್ ಗ್ರಹಿಸುವುದೇ ಇದರ ಬಲದಿಂದ. 24 ಪಿನ್‌ನ ದೊಡ್ಡ ಕನೆಕ್ಟರ್‌ನ ಹಿಂಬದಿಯಿಂದ ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಕಪ್ಪು ತಂತಿಗೂ ಕೆಂಪು ಕಡ್ಡಿಯನ್ನು ನೇರಳೆ ತಂತಿಗೂ ತಾಗಿಸಿ ನೋಡಿದಾಗ, 4.75ರಿಂದ 5.25ರೊಳಗೆ ಇರಬೇಕಾದ ಅಂಕಿ 4.2ರ ಆಸುಪಾಸಿನಲ್ಲಿ ಓಲಾಡುತ್ತಿತ್ತು. ಬಟನ್ ಒತ್ತಿದಾಗ ಹಸಿರು ತಂತಿಯ ವೋಲ್ಟೇಜ್ ಸೊನ್ನೆಗೆ ಇಳಿಯುತ್ತಿತ್ತು, ಎಂದರೆ ಮದರ್‌ಬೋರ್ಡ್ ವಿದ್ಯುತ್ತನ್ನು ಕೇಳುತ್ತಿತ್ತು; ಆದರೆ ಎಲ್ಲ ವೋಲ್ಟೇಜ್‌ಗಳೂ ಸರಿಯಿವೆ ಎಂದು ಎಸ್‌ಎಂಪಿಎಸ್ ಸೂಚಿಸುವ ಬೂದು ತಂತಿ ಮೇಲೇಳುತ್ತಲೇ ಇರಲಿಲ್ಲ. ಪ್ಲಗ್ ಹಾಕಿಯೇ ಬಿಟ್ಟಾಗ ನೇರಳೆ ತಂತಿಯ ಅಂಕಿ ನಿಧಾನವಾಗಿ 4.9ಕ್ಕೆ ಏರಿತು, ಕಂಪ್ಯೂಟರ್ ಆನ್ ಆಯಿತು.

ಎಸ್‌ಎಂಪಿಎಸ್‌ನ ಗಾಳಿಕಿಂಡಿಯಿಂದ ಟಾರ್ಚ್ ಹಾಯಿಸಿದಾಗ, ವಿದ್ಯುತ್ತನ್ನು ಸಂಗ್ರಹಿಸಿ ವೋಲ್ಟೇಜನ್ನು ಸ್ಥಿರವಾಗಿಡುವ ಪುಟ್ಟ ಡಬ್ಬಿಯಂಥ ಬಿಡಿಭಾಗವಾದ ಒಂದು ಕೆಪಾಸಿಟರಿನ ತಲೆ ಉಬ್ಬಿ, ಪಕ್ಕದಲ್ಲಿ ಕಂದು ಕಲೆಯಿರುವುದು ಕಂಡಿತು. ವರ್ಷಗಟ್ಟಲೆ ಬಿಸಿಯಲ್ಲಿ ಒಳಗಿನ ದ್ರವ ಒಣಗಿದಂತೆ ಕೆಪಾಸಿಟರಿನ ಆಂತರಿಕ ರೋಧ ಹೆಚ್ಚುತ್ತದೆ. ತಣ್ಣಗಿರುವಾಗ ಈ ರೋಧ ಇನ್ನೂ ಹೆಚ್ಚಿದ್ದು ವೋಲ್ಟೇಜ್ ಕುಸಿಯುತ್ತದೆ, ಬಿಸಿಯಾದಂತೆ ರೋಧ ಕೊಂಚ ಇಳಿಯುತ್ತದೆ. ಬೆಳಗಿನ ಹಟಕ್ಕೂ ಮಧ್ಯಾಹ್ನದ ಸೌಜನ್ಯಕ್ಕೂ ಇದೇ ಕಾರಣ. ಆ ಒಂದು ಕೆಪಾಸಿಟರನ್ನಷ್ಟೇ ಬದಲಿಸಬಹುದಿತ್ತು, ಆದರೆ ಉಳಿದವೂ ಅದೇ ವಯಸ್ಸಿನವಾದ್ದರಿಂದ ಎಸ್‌ಎಂಪಿಎಸ್ಸನ್ನೇ ಬದಲಿಸಿದೆ. ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಪ್ಲಗ್ ತೆಗೆದ ಮೇಲೂ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು, ಆದ್ದರಿಂದ ಅನುಭವವಿಲ್ಲದವರು ಅದನ್ನು ಬಿಚ್ಚಲೇಬಾರದು.

ಹೊಸದನ್ನು ಕೊಳ್ಳುವಾಗ ಡಬ್ಬದ ಮೇಲಿನ ದಪ್ಪಕ್ಷರದ ವ್ಯಾಟ್ ಸಂಖ್ಯೆಗಿಂತ, ಲೇಬಲ್‌ನಲ್ಲಿ 12 ವೋಲ್ಟ್ ಎದುರಿನ ಆಂಪಿಯರ್ ನೋಡುವುದು ಒಳ್ಳೆಯದು. ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಹೆಚ್ಚಾಗಿ ಬೇಕಾಗುವುದು ಅದೇ. ಹೊಸದನ್ನು ಕೂರಿಸಿ, ಮತ್ತೆ ರಾತ್ರಿಯಿಡೀ ಪ್ಲಗ್ ಕಳಚಿಟ್ಟು ಬೆಳಿಗ್ಗೆ ನೋಡಿದಾಗ ನೇರಳೆ ತಂತಿ ಪ್ಲಗ್ ಹಾಕಿದ ಕೂಡಲೇ ಐದು ವೋಲ್ಟ್ ತೋರಿಸಿತು, ಕಂಪ್ಯೂಟರ್ ಮೊದಲ ಒತ್ತಿಗೇ ಆನ್ ಆಯಿತು. ಪ್ಲಗ್ ಕಳಚುವ ಅಭ್ಯಾಸವನ್ನು ಬಿಡಬೇಕೇ ಎಂದು ಅಂಗಡಿಯವರು ಕೇಳಿದರು. ಮಲೆನಾಡಿನ ಸಿಡಿಲಿಗೆ ಆ ಅಭ್ಯಾಸ ಇರಲೇಬೇಕು, ಜೊತೆಗೆ ಇಂಟರ್‌ನೆಟ್ ಕೇಬಲನ್ನೂ ಕಳಚಿಡಿ ಎಂದು ಹೇಳಿ ಕಳುಹಿಸಿದೆ.