ನೆಂಟರ ಪಟ್ಟಿ ಮೊದಲು, ಅರ್ಜಿ ಆಮೇಲೆ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಹೋಬಳಿಯಲ್ಲಿ ನಾನು ಸಹಾಯಕ ತೋಟಗಾರಿಕೆ ಅಧಿಕಾರಿ. ನಮ್ಮ ಮನೆ, ತೋಟ ಪಕ್ಕದ ಹೊಸನಗರದಲ್ಲಿ. ಹೆಂಡತಿಯ ತವರು ಇದೇ ಹೋಬಳಿ. ಅವಳ ಅಣ್ಣನಿಗೆ ಪೇಟೆಯಲ್ಲಿ ಪೈಪು, ಡ್ರಿಪ್ಪು, ಮೋಟಾರಿನ ಅಂಗಡಿ. ಸಹಾಯಧನಕ್ಕೆ ಅರ್ಜಿ ಹಾಕುವವರೂ ನಮ್ಮವರು, ಸಾಮಾನು ಮಾರುವವರೂ ನಮ್ಮವರು. "ಮಲೆನಾಡಲ್ಲಿ ನೆಂಟರಲ್ಲದವರು ಯಾರಿದ್ದಾರೆ ಮಾರಾಯ, ನೆಂಟರ ಕಡತದಿಂದ ದೂರ ಇರೋದೆಲ್ಲ ಆಗೋ ಮಾತಲ್ಲ" ಅಂತ ಜೊತೆಯವರು ಹೇಳುತ್ತಿದ್ದರು. ಈಗ ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಸರ್ಕಾರಿ ನೌಕರರ ನಡತೆ ನಿಯಮ ನಿಮಗೆಲ್ಲ ಗೊತ್ತಿರುವುದೇ. 1966ರದ್ದು ಹೋಗಿ 2021ರದ್ದು ಬಂತು, ತಿರುಳು ಅದೇ. ಮನೆಯವರಿಗೆ ಲಾಭವಿರುವ ಕಡತವನ್ನು ಮುಟ್ಟದೆ ಮೇಲಿನವರಿಗೆ ಒಪ್ಪಿಸಬೇಕು. ಆದರೆ ಅರ್ಜಿ ಮೇಜಿಗೆ ಬಂದ ಮೇಲೆ "ಇವರು ನಮ್ಮ ನೆಂಟರು" ಅಂದರೆ ಯಾರು ನಂಬುತ್ತಾರೆ? ಬಿಟ್ಟುಕೊಟ್ಟರೆ ಅವರ ಮೇಲೆ ಹಳೇ ಸಿಟ್ಟು ಅನ್ನುತ್ತಾರೆ. ಇಟ್ಟುಕೊಂಡರೆ ಹೇಳುವುದೇ ಬೇಡ.

ಶುರುವಿನಲ್ಲಿ ಬಾಯಿಮಾತಲ್ಲಿ ಹೇಳಿ ನೋಡಿದೆ. ಸಾಹೇಬರು ವರ್ಗವಾದರು, ಮಾತೂ ಅವರ ಜೊತೆ ಹೋಯಿತು. ಆಮೇಲೆ ಒಂದೊಂದು ಕಡತಕ್ಕೂ ಪತ್ರ ಬರೆದೆ. ಅದು ಇನ್ನೂ ಕಷ್ಟವಾಯಿತು. ಪಕ್ಕದ ಹೋಬಳಿಯ ಅಧಿಕಾರಿಗೆ ಅದು ಬಿಟ್ಟಿ ಕೆಲಸ. ಕಡತ ಅಲ್ಲೇ ಕೂತಿತು, ಮಾರ್ಚ್ ಮುಗಿಯಿತು, ಅನುದಾನ ವಾಪಸ್ ಹೋಯಿತು. ನನ್ನ ಷಡ್ಡಕರ ಡ್ರಿಪ್ ಸಹಾಯಧನ ಹಾಗೇ ಕೈತಪ್ಪಿತು, ಸುಮಾರು 50 ಸಾವಿರದ ಮಾತು. ಅವರ ಮನೆ ಗೃಹಪ್ರವೇಶಕ್ಕೆ ನಮಗೆ ಕರೆಯೇ ಬರಲಿಲ್ಲ. ಅವರ ಸಿಟ್ಟು ನ್ಯಾಯವಾದದ್ದೇ. ನೆಂಟ ಅನ್ನುವ ಕಾರಣಕ್ಕೆ ಯಾರಿಗೂ ಹಕ್ಕು ತಪ್ಪಬಾರದು.

ಕೊನೆಗೆ ಕೆಲಸ ಮಾಡಿದ್ದು ಪಟ್ಟಿ. ಏಪ್ರಿಲ್‌ನಲ್ಲಿ, ಆ ವರ್ಷದ ಸಹಾಯಧನದ ಗುರಿ ಬರುವುದಕ್ಕೂ ಮೊದಲು, ಹೆಸರು, ಊರು, ಸಂಬಂಧ ಬರೆದು ತಾಲ್ಲೂಕಿನ ಹಿರಿಯ ಸಹಾಯಕ ನಿರ್ದೇಶಕರಿಗೆ ಕೊಟ್ಟೆ. ಕಚೇರಿಗೆ ಬಂದ ಪತ್ರಕ್ಕೆ ಹಾಕುವ ಆವಕ ಸಂಖ್ಯೆ ಹಾಕಿಸಿ ಸ್ವೀಕೃತಿ ತೆಗೆದುಕೊಂಡೆ. ಪಟ್ಟಿಯಲ್ಲಿರುವವರ ಅರ್ಜಿ, ಸ್ಥಳ ಪರಿಶೀಲನೆ, ಬಿಲ್ಲು ಮೂರೂ ಪಕ್ಕದ ಹೋಬಳಿಗೆ. ಅಷ್ಟೇ ಸಂಖ್ಯೆಯ ಅವರ ಕಡತ ನನಗೆ. ನಾಟಿ ಕಾಲದ ಮುಯ್ಯಾಳಿನ ಲೆಕ್ಕವೇ ಇದು, ಅವರ ಗದ್ದೆಗೆ ನಾವು, ನಮ್ಮ ಗದ್ದೆಗೆ ಅವರು. ಹೀಗೆ ಮಾಡಿದ ಮೇಲೆ ಯಾವ ಕಡತವೂ ಅಲ್ಲಿ ಕೂರಲಿಲ್ಲ.

ಮೊದಲ ವರ್ಷ 25 ಹೆಸರು ಇದ್ದಿರಬೇಕು. ಈಗ 60ರ ಹತ್ತಿರ. ನಿಯಮ ಕೇಳುವುದು ಹತ್ತಿರದ ಕುಟುಂಬದವರನ್ನು. ನಾನು ದಾಯಾದಿಗಳನ್ನೂ ಬೀಗರನ್ನೂ ಸೇರಿಸಿದೆ. ಆಮೇಲೆ ಹೊಳೆದದ್ದು ಸೊಸೈಟಿ ಸಾಲ. ಅಪ್ಪನ ಬೆಳೆಸಾಲಕ್ಕೆ ಜಾಮೀನು ಹಾಕಿದವರು, ನಾವು ಯಾರ ಸಾಲಕ್ಕೆ ಜಾಮೀನು ಹಾಕಿದೆವೋ ಅವರು, ನಮಗೆ ಕೈಗಡ ಕೊಟ್ಟವರು. ರಕ್ತಸಂಬಂಧಕ್ಕಿಂತ ಈ ಹಂಗು ಜಾಸ್ತಿ, ಅಲ್ವಾ? ಇದನ್ನು ಬರೆದವರನ್ನು ನಾನಂತೂ ಬೇರೆ ಕಡೆ ನೋಡಿಲ್ಲ.

ಭಾವನ ಅಂಗಡಿಯದು ಬೇರೆ ಕಥೆ. ಯಾವ ಕಂಪನಿಯ ಡ್ರಿಪ್ ಅನ್ನುವುದು ರೈತರ ಆಯ್ಕೆ. ಆದರೂ "ಯಾವುದು ಒಳ್ಳೇದು ಸರ್?" ಅಂತ ಕೇಳಿಯೇ ಕೇಳುತ್ತಾರೆ. ಐಎಸ್‌ಐ ಗುರುತು ನೋಡಿ, ವಾರಂಟಿ ಬರೆಸಿಕೊಳ್ಳಿ, ಅಷ್ಟೇ ಹೇಳುತ್ತೇನೆ. ಅಂಗಡಿಯ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ. ನಮ್ಮ ಎರಡು ಎಕರೆಗೂ ಅರ್ಜಿ ಹಾಕಲಿಲ್ಲ. ಶೇ 90ರವರೆಗೆ ಸಹಾಯಧನ ಸಿಗುತ್ತಿದ್ದ ಕಾಲ ಅದು. ಹಾಕುವುದಕ್ಕೆ ದಾರಿ ಇತ್ತು, ಮನಸ್ಸು ಒಪ್ಪಲಿಲ್ಲ. ಕೈಯಿಂದ 70 ಸಾವಿರ ಹೋಗಿರಬಹುದು. ಮೋಟಾರನ್ನು ಶಿವಮೊಗ್ಗದಿಂದ ತಂದೆ. ಬಾಡಿಗೆ ಸೇರಿ ಮೂರು ನಾಲ್ಕು ಸಾವಿರ ಹೆಚ್ಚಾಯಿತು. "ನೀವು ಇಲ್ಲಿರೋ ತನಕ ನನಗೆ ನಷ್ಟವೇ" ಅಂದರು ಭಾವ. ಒಂದು ದೀಪಾವಳಿ ಮಾತಿಲ್ಲದೇ ಕಳೆಯಿತು. ಈಗ ಸರಿಹೋಗಿದೆ.

ಈ ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪ್ರಾತ್ಯಕ್ಷಿಕೆ ಯಾರ ತೋಟದಲ್ಲಿ ಅನ್ನುವುದಕ್ಕೂ ಪ್ರತಿ ವರ್ಷ ಗುಸುಗುಸು ಇರುತ್ತಿತ್ತು. ಪಟ್ಟಿಯವರನ್ನು ಬಿಟ್ಟು ಉಳಿದವರ ಹೆಸರಿನ ಚೀಟಿಯನ್ನು ಎಲ್ಲರೆದುರು ಎತ್ತಿಸಿದೆ. ಬಂದದ್ದು ಹಳ್ಳದ ಆಚೆ, ಜೀಪು ಹೋಗದ ತೋಟ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು, ಜೊತೆಗೆ ಡ್ರಮ್ಮು, ದೋಟಿ, ಎಲ್ಲ ಹೊತ್ತುಕೊಂಡೇ ಹೋದೆವು. ಹಿಂದೆಂದೂ ಬಾರದಷ್ಟು ಜನ ಬಂದಿದ್ದರು. ಸುಣ್ಣ ಮಾತ್ರ ಹೊಸದಾಗಿ ಸುಟ್ಟದ್ದೇ ಇರಲಿ.

ಬಾಳೆಗೊನೆ, ಜೇನು, ಅಪ್ಪೆಮಿಡಿ ತಂದುಕೊಡುವವರಿಗೆ ನೋವಾಗದ ಹಾಗೆ ವಾಪಸ್ ಕಳಿಸಲು ನನ್ನ ಹತ್ತಿರ ಒಂದು ಮಾತಿದೆ. ಎಲ್ಲರೂ ಹೇಳತೊಡಗಿದರೆ ಅದು ನಡೆಯುವುದಿಲ್ಲ, ಹಾಗಾಗಿ ಇಲ್ಲಿ ಬರೆಯುವುದಿಲ್ಲ. ಎದುರು ಸಿಕ್ಕರೆ ಹೇಳುತ್ತೇನೆ.

ಹೋದ ವರ್ಷ ಪಟ್ಟಿಗೆ ನಿಜವಾದ ಪರೀಕ್ಷೆ ಬಂತು. ಭಾವನ ಅಂಗಡಿಗೆ ನಾನೇ ಗಿರಾಕಿ ಕಳಿಸುತ್ತೇನೆಂದು ಮೇಲಿನ ಕಚೇರಿಗೆ ದೂರು ಹೋಯಿತು. ವಿಚಾರಣೆಗೆ ಬಂದವರು ಆ ಅಂಗಡಿಯ ಬಿಲ್ಲಿರುವ ಕಡತಗಳನ್ನೆಲ್ಲ ತೆಗೆಸಿದರು. ಒಂದರಲ್ಲೂ ನನ್ನ ಸಹಿ ಇಲ್ಲ. ಅಂಗಡಿಯ ಹೆಸರು ಪಟ್ಟಿಯ ಮೊದಲ ಸಾಲಿನಲ್ಲೇ ಇದೆ, ಆವಕದ ತಾರೀಖು ಆ ವರ್ಷದ ಎಲ್ಲ ಅರ್ಜಿಗಳಿಗಿಂತ ಹಿಂದಿನದು. ವಿಚಾರಣೆ ಅಲ್ಲಿಗೇ ಮುಗಿಯಿತು. ನಕಲು ಪ್ರತಿ ಒಂದನ್ನು ಅವರೇ ಕೇಳಿ ತೆಗೆದುಕೊಂಡು ಹೋದರು.

ಆಗದ ಮಾತು ಅಂದಿದ್ದವರಲ್ಲಿ ಇಬ್ಬರು ಈ ಏಪ್ರಿಲ್‌ನಲ್ಲಿ ತಾವೂ ಪಟ್ಟಿ ಕೊಟ್ಟಿದ್ದಾರೆ. ಒಬ್ಬರದು ನನ್ನದಕ್ಕಿಂತ ಉದ್ದವಿದೆ.