ಗೋಡೆಗೆ ಬೂಷ್ಟು ಬಂತೇ? ಮೊದಲು ನೀರಿನ ದಾರಿ ಹುಡುಕಿ

ಊರಿಂದ ಮುಂಬಯಿಗೆ ಬರುವವರು ಮನೆ ಹುಡುಕುವುದು ಹೆಚ್ಚಾಗಿ ಏಪ್ರಿಲ್-ಮೇಯಲ್ಲಿ, ಮಕ್ಕಳ ಶಾಲೆ ಶುರುವಾಗುವ ಮೊದಲು. ಆಗ ಎಲ್ಲ ಗೋಡೆಗಳೂ ಗರಿಗರಿ ಒಣಗಿರುತ್ತವೆ. ವಿಜಯಪುರದಲ್ಲಿ ವರ್ಷವಿಡೀ ಬೀಳುವುದಕ್ಕಿಂತ ಹೆಚ್ಚು ಮಳೆ ಇಲ್ಲಿ ಜುಲೈ ಒಂದರಲ್ಲೇ ಸುರಿಯುತ್ತದೆ. ಮನೆಯ ಬಂಡವಾಳ ಬಯಲಾಗುವುದು ಆಗಲೇ.

ಡೊಂಬಿವಲಿಯ ನಮ್ಮ ಮೊದಲ ಬಾಡಿಗೆ ಮನೆಯಲ್ಲಿ ಮರದ ಕಪಾಟನ್ನು ಪಶ್ಚಿಮದ ಗೋಡೆಗೆ ಒತ್ತಿ ಇಟ್ಟಿದ್ದೆವು. ಗಣಪತಿ ಹಬ್ಬಕ್ಕೆಂದು ಇಳಕಲ್ ಸೀರೆ ತೆಗೆದರೆ ಮಡಿಕೆಯುದ್ದಕ್ಕೂ ಬೂದು ಚುಕ್ಕೆ. ಕೆಳಗಿನ ಅರೆಯಲ್ಲಿದ್ದ ಚರ್ಮದ ಬೆಲ್ಟಿಗೆ ಹಸಿರು ತುಪ್ಪಳ. ಕಪಾಟು ಸರಿಸಿ ಗೋಡೆಗೆ ಬೆರಳಿಟ್ಟೆ, ಬಣ್ಣದ ಕೆಳಗೆ ಬಳಿಯುವ ಪುಟ್ಟಿ, ಕಡಬಿನ ಹೂರಣದಷ್ಟು ಮೆತ್ತಗಿತ್ತು. ಇಲ್ಲಿನ ಮಳೆಗಾಳಿ ನೈಋತ್ಯದಿಂದ ಬೀಸುತ್ತದೆ, ಪೆಟ್ಟು ತಿನ್ನುವುದು ಪಶ್ಚಿಮ, ದಕ್ಷಿಣದ ಗೋಡೆಗಳು ಅಂತ ಆಮೇಲೆ ಗೊತ್ತಾಯಿತು.

ಹಾಗಾಗಿ ಮನೆ ನೋಡಲು ಹೋದಾಗ ಬ್ರೋಕರ್ ಮಾತಿಗೆ ತಲೆಯಾಡಿಸುತ್ತಲೇ ಗೋಡೆಯ ಕಪಾಟುಗಳನ್ನು ತೆರೆದು ಮೂಸಿ. ಮುಗ್ಗಲು ವಾಸನೆಯನ್ನು ಯಾವ ಪೇಂಟೂ ಮುಚ್ಚುವುದಿಲ್ಲ. ನಾಲ್ಕು ಗೋಡೆಗಳಲ್ಲಿ ಒಂದಕ್ಕೆ ಮಾತ್ರ ಹೊಸ ಬಣ್ಣವಿದ್ದರೆ ಗೆಣ್ಣಿನಿಂದ ತಟ್ಟಿ ನೋಡಿ. ಪೊಳ್ಳು ಸದ್ದು ಬಂದರೆ ಪ್ಲಾಸ್ಟರ್ ಬಿಟ್ಟುಕೊಂಡಿದೆ. ಕೊನೆಯ ಮಹಡಿಯಾದರೆ ಟೆರೇಸ್ ನೋಡದೆ ಟೋಕನ್ ಮುಂಗಡ ಕೊಡಬೇಡಿ.

ಈಗಾಗಲೇ ಮನೆ ಹೊಕ್ಕಾಗಿದೆ, ಗೋಡೆ ಕಪ್ಪಾಗಿದೆ ಎನ್ನುವವರು ಪೇಂಟರನ್ನು ಕರೆಯುವ ಮೊದಲು ನೀರು ಬಂದ ದಾರಿ ಹುಡುಕಬೇಕು. ಮಳೆ ಜೋರಾದಾಗ ಹಬ್ಬಿ, ದೀಪಾವಳಿ ಹೊತ್ತಿಗೆ ಒಣಗಿ ಬಿಳಿ ಉಪ್ಪು ಉಳಿಸುವ ಕಲೆ ಹೊರಗೋಡೆಯದು ಅಥವಾ ಟೆರೇಸಿನದು. ಮಳೆಗೂ ಬೇಸಿಗೆಗೂ ಒಂದೇ ಸಮ ಒಸರುತ್ತಿದ್ದರೆ ಮೇಲಿನವರ ಬಾತ್‌ರೂಮು. ಅವರು ವಾರ ಊರಿಗೆ ಹೋದಾಗ ಒಸರು ಇಳಿದರೆ ಅನುಮಾನವೇ ಬೇಡ. ಮೂರನೆಯದು ನಮ್ಮದೇ ಕೊಡುಗೆ. ಒಳಗೆ ಬಟ್ಟೆ ಒಣಹಾಕಿ, ಕಿಟಕಿ ಜಡಿದು, ಎಕ್ಸಾಸ್ಟ್ ಫ್ಯಾನ್ ಹಾಕದೆ ಕೂತರೆ ಮೂಲೆಮೂಲೆಗೂ ಬೂಷ್ಟು ಹಿಡಿಯುತ್ತದೆ. ತಿಳಿಯದಿದ್ದರೆ ಒಂದು ತುಂಡು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ. ಮರುದಿನ ಹಾಳೆಯ ಹಿಂದೆ ಹನಿ ಕಂಡರೆ ನೀರು ಗೋಡೆಯೊಳಗಿದೆ, ಮುಂದೆ ಕಂಡರೆ ಕೋಣೆಯ ಗಾಳಿಯಲ್ಲಿದೆ.

ಯಾರು ರಿಪೇರಿ ಮಾಡಿಸಬೇಕು ಅನ್ನುವುದೂ ಇದರ ಮೇಲೆಯೇ ನಿಂತಿದೆ. ಟೆರೇಸ್, ಹೊರಗೋಡೆ, ಎಲ್ಲರಿಗೂ ಸೇರಿದ ಪೈಪುಗಳು ಸೊಸೈಟಿಯ, ಅಂದರೆ ಕಟ್ಟಡದ ಫ್ಲ್ಯಾಟ್ ಮಾಲೀಕರ ಸಂಘದ ಹೊಣೆ. ಮೇಲಿನ ಬಾತ್‌ರೂಮಿನ ಸೋರಿಕೆಯನ್ನು ಆ ಫ್ಲ್ಯಾಟಿನವರೂ ನಿಮ್ಮ ಓನರೂ ಕೂತು ಮಾತಾಡಬೇಕು. ಬಾಡಿಗೆದಾರರು ಸೊಸೈಟಿಯ ಸದಸ್ಯರಲ್ಲ, ಆದ್ದರಿಂದ ದೂರಿನ ಪತ್ರ ಓನರ್ ಕೈಯಿಂದಲೇ ಹೋಗಲಿ. ವಾಚ್‌ಮನ್‌ಗೋ ಸೆಕ್ರೆಟರಿಗೋ ಹೇಳುವಾಗ 'ಓಲ್' ಎಂಬ ಮರಾಠಿ ಪದ ಸಾಕು, ಗೋಡೆಯ ತೇವಕ್ಕೆ ಇಲ್ಲಿ ಎಲ್ಲರೂ ಅನ್ನುವುದು ಅದನ್ನೇ.

ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲೇ 'ಸೋರಿಕೆ ರಿಪೇರಿ ಓನರದ್ದು' ಅಂತ ಒಂದು ಸಾಲು ಬರೆಸಿ. 1999ರ ಮಹಾರಾಷ್ಟ್ರ ಬಾಡಿಗೆ ಕಾಯ್ದೆಯಂತೆ ಅಗ್ರಿಮೆಂಟ್ ನೋಂದಣಿ ಕಡ್ಡಾಯ. ಕೀಲಿ ಸಿಕ್ಕ ದಿನವೇ ಪ್ರತಿ ಗೋಡೆಯ ಫೋಟೋ ತೆಗೆದು ಓನರಿಗೆ ವಾಟ್ಸ್ಆ್ಯಪ್ ಮಾಡಿ. ನಾವು ಮಾಡಿರಲಿಲ್ಲ, ಮನೆ ಬಿಡುವಾಗ ಅದೇ ಪಶ್ಚಿಮದ ಗೋಡೆಯ ಖರ್ಚು ನಮ್ಮ ಡಿಪಾಸಿಟ್‌ನಿಂದ ಹೋಯಿತು.

ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಬೇಡಿ, ಮನೆಯೆಲ್ಲ ಹಾರುತ್ತದೆ. ಮಾಸ್ಕ್ ಹಾಕಿ, ಸೋಪುನೀರಿನ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಹಾಕಿ ಒಣಗಿಸಿ. ಬ್ಲೀಚ್ ಬಳಸುವುದಾದರೆ ಅದಕ್ಕೆ ಟಾಯ್ಲೆಟ್ ಆ್ಯಸಿಡ್ ಬೆರೆಸಲೇಬೇಡಿ, ವಿಷದ ಗಾಳಿ ಏಳುತ್ತದೆ. ಹಸಿ ಗೋಡೆಗೆ ಪೇಂಟ್ ಹೊಡೆದರೆ ಗುಳ್ಳೆ ಎದ್ದು ಉದುರುತ್ತದೆ, ನವೆಂಬರ್ ಕಳೆಯಲಿ. ಕಪಾಟು ಗೋಡೆಯಿಂದ ನಾಲ್ಕು ಬೆರಳು ಈಚೆಗಿರಲಿ.

ಊರಿಂದ ತಂದ ಬ್ಯಾಡಗಿ ಮೆಣಸಿನಕಾಯಿ ಇದ್ದರೆ ಮೇ ಬಿಸಿಲು ಮುಗಿಯುವ ಮೊದಲೇ ಒಣಗಿಸಿ ಪುಡಿ ಮಾಡಿಸಿಬಿಡಿ. ಇಡಿಯಾಗಿ ಇಟ್ಟರೆ ಆಗಸ್ಟ್‌ನಲ್ಲಿ ಮುರಿದಾಗ ಒಳಗೆಲ್ಲ ಬಿಳಿ ಹತ್ತಿ.